ಹೇಮಪ್ಪನ ಬಿಳಿ ಎಕ್ಕೆ

ಬೇವೂರಿನ ಹೇಮಪ್ಪನ ಇಬ್ಬರು ಹೆಂಡಿರೂ ಒಬ್ಬರ ಹಿಂದೊಬ್ಬರು ಜ್ವರದಲ್ಲಿ ತೀರಿಕೊಂಡಿದ್ದರು. ಅದರ ಬಗ್ಗೆ ಅವನು ಮಾತಾಡುತ್ತಿರಲಿಲ್ಲ. ಮಾತಾಡುತ್ತಿದ್ದುದೆಲ್ಲ ತನ್ನ ಕೈಗುಣದ ಬಗ್ಗೆ. ಹಿಂದೊಮ್ಮೆ ಯಲಬುರ್ಗಿಯಲ್ಲಿ ಅವನು ನೆಟ್ಟ ನಿಂಬೆಗಿಡ ಕಾಯಿ ಬಿಟ್ಟಾಗ ಯಾರೋ ಸಾಹೇಬರು ಶಾಬಾಸ್ ಅಂದಿದ್ದರಂತೆ. ಅಂದಿನಿಂದ ಊರಲ್ಲಿ ಯಾರು ಬದನೆ ಸಸಿ ಊರಿದರೂ ಹೇಮಪ್ಪ ಕರೆಯದೆ ಹೋಗಿ, ಕುಣಿಯ ಆಳ ನೋಡಿ ತಲೆಯಾಡಿಸಿ ಬರುತ್ತಿದ್ದ.

ಮಹಾಯುದ್ಧದ ಕಾಲದಲ್ಲಿ ಹಿಟ್ನಾಳದ ದುರುಗವ್ವನ ಸಂಬಂಧ ಬಂತು. ಮೂರನೆಯವಳಿಗೆ ಕಂಟಕ ಎಂಬುದು ಹಳೆಯ ನಂಬಿಕೆ. ಇಂಥ ಗಂಡು ಮೊದಲು ಎಕ್ಕೆ ಗಿಡಕ್ಕೆ ತಾಳಿ ಕಟ್ಟಿ, ಆಮೇಲೆ ಅದನ್ನು ಕಡಿಯಬೇಕು. ಗಿಡ ಮೂರನೆಯವಳಾಗಿ ಸಾಯುತ್ತದೆ. ಬಂದವಳು ನಾಲ್ಕನೆಯವಳಾಗಿ ಬದುಕುತ್ತಾಳೆ.

“ಹಳ್ಳದ ದಂಡಿಗೆ ಬೇಕಾದಷ್ಟು ಎಕ್ಕಿ ಅದಾವು. ಒಂದಕ್ಕ ಕಟ್ಟಿ ಕಡದು ಬಾರೋ,” ಎಂದಳು ಅಕ್ಕ ಗಾಳೆಮ್ಮ.

“ದನ ಉಚ್ಚಿ ಹೊಯ್ದ ಗಿಡಕ್ಕ ನಾ ತಾಳಿ ಕಟ್ಟಲೇನು? ನನ್ನ ಕೈಯಾಗ ಬೆಳದ ಬಿಳಿ ಎಕ್ಕೀನಽ ಆಗಬೇಕು.”

“ನಿನಗ ಹೇಂತಿ ಬೇಕೋ, ಗಿಡ ಬೇಕೋ?”

ಹೇಮಪ್ಪ ಇಟಗಿಯಿಂದ ಬಿಳಿ ಎಕ್ಕೆಯ ಬಿರಿದ ಕಾಯಿ ತಂದು, ಅರಳೆ ಬಿಡಿಸಿ, ಬೀಜವನ್ನು ಗಡಿಗೆಯ ಮರಳುಮಣ್ಣಿನಲ್ಲಿ ಬಿತ್ತಿದ. ದಿನಾ ನೀರು ಹಾಕಿದ್ದಕ್ಕೆ ಮೊಳಕೆಗಳೆಲ್ಲ ಕೊಳೆತವು. ತಿಪ್ಪೆಯ ಮೇಲೆ ತಾನಾಗಿ ಹುಟ್ಟುವ ಗಿಡವನ್ನು ಆರೈಕೆ ಮಾಡಿ ಕೊಂದವನು ಆ ಸೀಮೆಯಲ್ಲಿ ಅವನೊಬ್ಬನೇ ಇರಬೇಕು. ಎರಡನೇ ಸಲ ನೀರಿಗೆ ಕೈ ಬಿಗಿ ಹಿಡಿದ. ಒಂದು ಸಸಿ ಉಳಿಯಿತು. ಬೇರು ಹರಿಯದಂತೆ ಗಡಿಗೆಯನ್ನೇ ಒಡೆದು ಅಂಗಳದ ಕುಣಿಗೆ ಇಳಿಸಿದ. ದುರುಗವ್ವನಿಗೂ ವಯಸ್ಸು ಮೀರಿದ್ದರಿಂದ ಹಿಟ್ನಾಳದವರು ಕಾದರು. ಗಿಡ ಎದೆಯೆತ್ತರವಾಗಿ ಬಿಳಿ ಹೂ ಬಿಟ್ಟಿತು.

“ಬೇರು ಪಾತಾಳಕ್ಕ ಇಳದೈತಿ. ಇದನ್ನ ಕೀಳೋ ಗಂಡಸು ಇನ್ನಾ ಹುಟ್ಟಿಲ್ಲ, ನೋಡ್ರಿ!” ಎಂದು ಹೇಮಪ್ಪ ಬಂದವರಿಗೆಲ್ಲ ಹೇಳಿದ್ದೇ ಹೇಳಿದ.

ತಾಳಿ ಕಟ್ಟಿದ, ನೆಲಕ್ಕೆ ಸಮನಾಗಿ ಕಡಿದ. ದುರುಗವ್ವ ಬಂದಳು. ನಗುವ ಹೆಂಗಸು. ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿ ಹೇಮಪ್ಪ ನಿಂಬೆಗಿಡದ ಕತೆಯನ್ನೇ ಮರೆತ.

ಮೊದಲ ಮಳೆಗೆ ಬುಡ ಚಿಗುರಿತು.

ಚಿವುಟಿದ. ಮತ್ತೆ ಬಂತು. ಅಗೆದ; ಬೇರು ತುಂಡಾಯಿತೇ ಹೊರತು ಕೊನೆ ಸಿಗಲಿಲ್ಲ, ಪಕ್ಕದಿಂದ ಇನ್ನೆರಡು ಎದ್ದವು. ಮೇಲೊಂದು ಚಪ್ಪಡಿ ಎಳೆದ. ಹೆಂಡತಿ ಕಸ ಹೊಡೆಯಲು ಬರುವ ಮೊದಲೇ ಎದ್ದು ಅಂಚಿನಲ್ಲಿ ಇಣುಕಿದ್ದನ್ನು ಕಿತ್ತು ಬಿಸಾಡುವುದೇ ಅವನ ತೋಟಗಾರಿಕೆಯಾಯಿತು.

“ಕೈಗೇನು ಹತ್ತೇತ್ರಿ?” ಎಂದಳು ಒಂದು ಮುಂಜಾನೆ ದುರುಗವ್ವ.

“ಸುಣ್ಣ.”

“ಸುಣ್ಣ ಹಿಂಗ ಅಂಟತೈತೇನ್ರಿ? ಇದು ಎಕ್ಕಿ ಹಾಲು.” ಹೋಗಿ ಚಪ್ಪಡಿ ಸರಿಸಿದಳು. ಕೆಳಗೆ ಬೆಳಕಿಲ್ಲದೆ ಬಿಳಿಚಿಕೊಂಡ ಎರಡು ಚಿಗುರು.

“ಆಕಿ ಸತ್ತಿಲ್ಲ,” ಎಂದಳು. “ಅಂದ್ರ ಸಾಯೋ ಸರದಿ ನಂದು.”

“ದುರುಗಿ, ಅದು ಬರೇ ಗಿಡ!”

“ತಾಳಿ ಕಟ್ಟುವಾಗ ಬರೇ ಗಿಡ ಆಗಿರಲಿಲ್ಲಲ್ರಿ.”

ಆ ವಾರ ಅವಳ ಮೈ ಬಿಸಿಯಾಯಿತು. ಅಣ್ಣ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ದ. ಹಿಟ್ನಾಳದಲ್ಲಿ ಆರಾಮಾದಳು. ಆರಾಮಾದದ್ದೇ ತಪ್ಪಾಯಿತು: ಬೇವೂರಿಗೆ ಹೋದರೆ ಸಾವು ಎಂಬುದು ಖಾತ್ರಿಯಾಯಿತು. ಹೇಮಪ್ಪ ಎಷ್ಟು ಸಲ ಹೋಗಿ ಕರೆದರೂ ಬರಲಿಲ್ಲ.

ಹಳ್ಳದ ದಂಡೆಯ ಎಕ್ಕೆಯೂ ಚಿಗುರಿರುತ್ತಿತ್ತು. ಅಲ್ಲಿ ಯಾರೂ ನೋಡುತ್ತಿರಲಿಲ್ಲ, ಅಷ್ಟೆ.

ಹೇಮಪ್ಪ ಚಿವುಟುವುದನ್ನು ಬಿಟ್ಟ. ಮರುವರ್ಷ ಗಿಡ ಮೊದಲಿಗಿಂತ ದಟ್ಟವಾಗಿ ಹೂ ಬಿಟ್ಟಿತು. ಶನಿವಾರ ಹನುಮಪ್ಪನ ಹಾರಕ್ಕೆಂದು ಹೂ ಕೇಳಲು ಓಣಿಯ ಹೆಂಗಸರು ಬಂದರು.

“ನಿಮ್ಮ ಕೈಗುಣ ಭಾಳ ಛಲೋ ಐತಿ ಬಿಡ್ರಿ, ಹೇಮಪ್ಪಣ್ಣ!”

“ಹರಕೊಂಡ ಹೋಗ್ರವ್ವ,” ಎಂದು ಹೇಮಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.