ಚರ್ಚೆ ಕಲಿಸುವ ಮೇಷ್ಟ್ರು

ಎಪ್ಪತ್ತರ ದಶಕದಲ್ಲಿ ಲೆಕ್ಕಕ್ಕೆ, ಇಂಗ್ಲಿಷಿಗೆ ಬೀದಿಗೊಬ್ಬರು ಮೇಷ್ಟ್ರಿದ್ದರು. ಚರ್ಚೆ ಕಲಿಸುವವರು ಮಾತ್ರ ವಿಜಯನಗರದಲ್ಲಿ ಒಬ್ಬರೇ ಎಂದು ನಮ್ಮ ಆಫೀಸಿನ ಟೈಪಿಸ್ಟ್ ಹೇಳಿದಳು. ನನ್ನ ಮಗಳಾಗ ಒಂಬತ್ತನೇ ಕ್ಲಾಸು. ಒಂದು ವಿಷಯವನ್ನು ತಾನೇ ವಿಚಾರಿಸಿ ತಿಳಿದು, ಎಲ್ಲರೆದುರು ವಾದಿಸಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಹಿಂದಿನ ಸಲ ಎದುರಾಳಿಯ ಪ್ರಶ್ನೆಗೆ ತಬ್ಬಿಬ್ಬಾಗಿ ಅಳುತ್ತ ವೇದಿಕೆ ಇಳಿದಿದ್ದಳು. ಅದಕ್ಕೇ ರಾಜಾಜಿನಗರದಿಂದ ಬಸ್ ಹತ್ತಿ ಹೋದೆವು.

ಮೇಷ್ಟ್ರು ಕುರ್ಚಿಯಲ್ಲಿ ಒರಗಿಕೊಂಡೇ ವಿಷಯ ಏನೆಂದು ಕೇಳಿದರು.

"ನಮ್ಮ ಬ್ಲಾಕಿನ ನಲ್ಲೀಲಿ ಮಧ್ಯಾಹ್ನ ನೀರು ಯಾಕೆ ಬರಲ್ಲ ಅಂತ, ಸಾರ್" ಎಂದಳು ಮಗಳು.

"ಅದೆಲ್ಲ ಚರ್ಚೆಗೆ ಆಗಲ್ಲ. ವಿಜ್ಞಾನ ವರವೋ ಶಾಪವೋ ತಗೋ. ಎರಡು ಕಡೆಗೂ ನನ್ನ ಹತ್ರ ಭಾಷಣ ರೆಡಿ ಇದೆ. ಬಾಯಿಪಾಠ ಮಾಡು, ಸಾಕು."

"ಎದುರಿನವರು ಅದರಲ್ಲಿ ಇಲ್ಲದ ಪ್ರಶ್ನೆ ಕೇಳಿದ್ರೆ?"

"ಕೇಳಲ್ಲ. ಅವರಿಗೂ ನಾನೇ ಹೇಳಿಕೊಡೋದು."

"ಆದ್ರೂ ಕೇಳಿದ್ರೆ, ಸಾರ್?"

ಮೇಷ್ಟ್ರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ಏನಮ್ಮಾ ಇದು, ನಿಮ್ಮ ಹುಡುಗಿ ನನ್ನ ಜೊತೇನೇ ವಾದ ಮಾಡ್ತಾಳಲ್ಲ?" ಎಂದರು.

"ಅದನ್ನ ಕಲಿಯೋಕೇ ಬಂದಿದ್ದು, ಸಾರ್. ಈಗ ನೋಡಿದ್ರೆ ಅವಳಿಗೆ ಬರುತ್ತೆ" ಎಂದು ಎದ್ದೆ.

ಮಗಳು ಮನೆಮನೆಗೆ ಹೋಗಿ ವಿಚಾರಿಸಿದಳು, ನೀರಿನ ಆಫೀಸಿಗೂ ನನ್ನನ್ನು ಎಳೆದೊಯ್ದಳು. ಶಾಲೆಯ ಚರ್ಚೆಯಲ್ಲಿ ಬಹುಮಾನ ಬರಲಿಲ್ಲ. ಆದರೆ ಕೇಳಿದ ಪ್ರಶ್ನೆಗೆಲ್ಲ ನಿಂತು ಉತ್ತರ ಕೊಟ್ಟಳು.

ಆ ಮೇಷ್ಟ್ರು ಆಮೇಲೆ ಚರ್ಚೆ ಬಿಟ್ಟು ಅಕ್ಷರ ದುಂಡಗೆ ಬರೆಯುವುದನ್ನು ಕಲಿಸತೊಡಗಿದರಂತೆ. ಒಳ್ಳೆಯದೇ ಆಯಿತು. ಅಲ್ಲಿ ಮಕ್ಕಳು ಬಾಯಿ ತೆರೆಯಬೇಕಾಗಿಲ್ಲ.