ಮನೆದೇವರ ಹೆಸರಿನ ಪಾಸ್‌ವರ್ಡ್

2022ರಲ್ಲಿ ನಾನು ಮಳವಳ್ಳಿಯ ದೂರವಾಣಿ ಕೇಂದ್ರದಲ್ಲಿ ಹಿರಿಯ ಟೆಕ್ನೀಷಿಯನ್ ಆಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಬಾಕಿಯಿತ್ತು. 1986ರಲ್ಲಿ ಬಸರಾಳಿನಲ್ಲಿ ಲೈನ್‌ಮನ್ ಆಗಿ ಸೇರಿದವನು, ಮದ್ದೂರಿನಲ್ಲಿ ಹದಿನಾಲ್ಕು ವರ್ಷ ಕಂಬ ಹತ್ತಿ ಇಳಿದು, ಮಂಡಿ ನೋವು ಶುರುವಾದ ಮೇಲೆ ಮಳವಳ್ಳಿಗೆ ಬಂದಿದ್ದೆ. ಈ ಮೂರೂ ಕಡೆ ನಾನು ಹೋಗದ ಬೀದಿಯಿಲ್ಲ, ಕಾಫಿ ಕುಡಿಯದ ಮನೆ ಬಹಳ ಕಡಿಮೆ.

ಬಸರಾಳಿನ ಆ ಕಾಲ ನೆನಪಾದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಊರಿಗೆಲ್ಲ ಒಂಬತ್ತು ಫೋನು. ಯಾರದೋ ಮಗಳಿಗೆ ಹೆರಿಗೆಯಾದ ಸುದ್ದಿ ಇನ್ಯಾರದೋ ಮನೆಗೆ ಬರುತ್ತಿತ್ತು. ಆ ಮನೆಯವರು ಒಲೆಯ ಮೇಲಿದ್ದದ್ದನ್ನು ಇಳಿಸಿ ಮೂರು ಬೀದಿ ದಾಟಿ ಹೋಗಿ ಕರೆದುಕೊಂಡು ಬರುತ್ತಿದ್ದರು. ಕೆಲವರು ಡಯಲ್‌ಗೆ ಪುಟ್ಟ ಬೀಗ ಹಾಕುತ್ತಿದ್ದುದೂ ಉಂಟು. ಅಂಥವರನ್ನು ಊರು ಜಿಪುಣರೆಂದು ಆಡಿಕೊಳ್ಳುತ್ತಿತ್ತು, ನಾನೂ ಆಡಿಕೊಂಡವನೇ. ಫೋನು ಒಬ್ಬರ ಹೆಸರಿನಲ್ಲಿದ್ದರೂ ಅದು ಬೀದಿಯವರೆಲ್ಲರದು ಎಂಬ ನಂಬಿಕೆ ನನ್ನಲ್ಲಿ ಹಾಗೆ ಬೇರೂರಿತು. ನೌಕರಿಯ ಕೊನೆಗಾಲದಲ್ಲಿ ನನ್ನನ್ನು ಎಡವಿಸಿದ್ದೂ ಅದೇ.

ಆಮೇಲೆ ಫೈಬರ್ ಬಂತು, ಅದರ ಬೆನ್ನಿಗೆ ರೌಟರ್ ಬಂತು. ರೌಟರ್ ಎಂದರೆ ತಂತಿಯಲ್ಲಿ ಬಂದ ಇಂಟರ್‌ನೆಟ್ಟನ್ನು ಗಾಳಿಯಲ್ಲಿ ಮನೆಯ ಎಲ್ಲ ಫೋನುಗಳಿಗೂ ಹಂಚುವ ಪೆಟ್ಟಿಗೆ. ಪಾಸ್‌ವರ್ಡ್ ಗೊತ್ತಿದ್ದವರ ಫೋನಿಗೆ ಮಾತ್ರ ಅದು ಬಾಗಿಲು ತೆರೆಯುತ್ತದೆ. ನಮ್ಮ ಜನ ಪಾಸ್‌ವರ್ಡ್ ಮರೆಯುತ್ತಿದ್ದರು. ಮರೆತಾಗಲೆಲ್ಲ ಕೇಂದ್ರಕ್ಕೆ ದೂರು, ಬಿಸಿಲಲ್ಲಿ ನನಗೆ ಸ್ಕೂಟರ್ ಸವಾರಿ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ರೌಟರ್ ಹಾಕುವಾಗಲೇ ‘ನಿಮ್ಮ ಮನೆದೇವರು ಯಾವುದು?’ ಎಂದು ಕೇಳಿ, ಆ ಹೆಸರಿನ ಮುಂದೆ ಒಂದು ಎರಡು ಮೂರು ಸೇರಿಸಿ ಪಾಸ್‌ವರ್ಡ್ ಮಾಡುತ್ತಿದ್ದೆ. ಮನೆದೇವರನ್ನು ಯಾರು ಮರೆಯುತ್ತಾರೆ? ದೂರುಗಳು ನಿಂತೇ ಹೋದವು. ಮಂಡ್ಯದಲ್ಲಿದ್ದ ನಮ್ಮ ಇಂಜಿನಿಯರ್ ಸಭೆಯಲ್ಲಿ ನನ್ನ ಬೆನ್ನು ತಟ್ಟಿದರು, ನಾನು ಬೀಗಿದೆ.

ನಿಂಗಮ್ಮನವರ ಮನೆಗೂ ಹಾಗೆಯೇ ಮಾಡಿದ್ದೆ. ಮಳವಳ್ಳಿಯ ಹಳೆಯ ಬೀದಿಯಲ್ಲಿದ್ದ ಹೆಂಚಿನ ಮನೆ ಅದು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮುಂದಿನ ಕೋಣೆಯಲ್ಲಿ ಮನೆಯೊಡತಿ ನಿಂಗಮ್ಮ ಇದ್ದರು. ಹಿಂದಿನ ಕೋಣೆಗಳಲ್ಲಿ ಕೆಲಸಕ್ಕೆ ಹೋಗುವ ನಾಲ್ವರು ಹೆಣ್ಣುಮಕ್ಕಳು ಬಾಡಿಗೆಗಿದ್ದರು. ನಡುಮನೆ, ಅಡುಗೆಮನೆ ಎಲ್ಲರಿಗೂ ಸೇರಿದ್ದು. ಇಂಟರ್‌ನೆಟ್ ಸಂಪರ್ಕ ಆ ನಾಲ್ವರಲ್ಲಿ ಒಬ್ಬಳಾದ ಸುಧಾಳ ಹೆಸರಿನಲ್ಲಿತ್ತು. ಕೊಕ್ಕರೆ ಬೆಳ್ಳೂರಿನ ಹುಡುಗಿ, ಹತ್ತಿರದ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಪ್ರೊಬೇಷನ್ ನಡೆಯುತ್ತಿತ್ತು. ದಪ್ಪ ಗೋಡೆ ದಾಟಲಿ ಎಂದು ನಾನೇ ನಾಲ್ಕು ಆಂಟೆನಾದ ಭಾರಿ ರೌಟರ್ ಆರಿಸಿ, ತಂತಿ ಉಳಿಯಲಿ ಎಂದು ಬೀದಿ ಕಡೆಯ ಕಿಟಕಿಯಲ್ಲಿ ಕೂರಿಸಿದೆ. ನೆಟ್‌ವರ್ಕಿಗೆ ‘ನಿಂಗಮ್ಮ ಮನೆ’ ಎಂದು ಹೆಸರಿಟ್ಟೆ. ಮನೆದೇವರನ್ನು ಕೇಳಿದಾಗ ನಿಂಗಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು ಪಟ್ಟಲದಮ್ಮ ಎಂದರು. ಸಿಗ್ನಲ್ ಹಿಂದಿನ ಕೋಣೆಗೆ ಅರೆಬರೆ ಹೋಯಿತು, ಬೀದಿಯ ಎದುರಿನ ಟೀ ಅಂಗಡಿಗೆ ಮಾತ್ರ ಧಾರಾಳವಾಗಿ ಹೋಯಿತು.

ಒಂದು ಶನಿವಾರ ಮಧ್ಯಾಹ್ನ ಸುಧಾ ಕೇಂದ್ರಕ್ಕೆ ಬಂದಳು. ಕೈಯಲ್ಲಿ ಇಲಾಖೆಯ ನೋಟಿಸು ಇತ್ತು. ಆಗಿದ್ದಿಷ್ಟು. ಅವಳ ಶಾಲೆಯ ಮುಖ್ಯ ಶಿಕ್ಷಕಿಯ ಬಗ್ಗೆ ಯಾರೋ ಸುಳ್ಳು ಹೆಸರಿನ ಖಾತೆಯಿಂದ ಬಾಯಲ್ಲಿ ಹೇಳಬಾರದಂಥ ಮಾತುಗಳನ್ನು ಬರೆದು ಊರಿಗೆಲ್ಲ ಹಂಚಿದ್ದರು. ಮುಖ್ಯ ಶಿಕ್ಷಕಿ ಪೊಲೀಸರಿಗೆ ದೂರು ಕೊಟ್ಟಿದ್ದರು. ಆ ಬರಹ ಹೊರಟದ್ದು ಯಾವ ಸಂಪರ್ಕದಿಂದ ಎಂದು ಹುಡುಕಿದಾಗ ಸಿಕ್ಕಿದ್ದು ಸುಧಾಳ ಹೆಸರು. ಅದೇ ಶಾಲೆಯ ಕಿರಿಯ ಶಿಕ್ಷಕಿ, ರಜೆ ವಿಷಯದಲ್ಲಿ ಇಬ್ಬರಿಗೂ ಒಮ್ಮೆ ಮಾತಿಗೆ ಮಾತು ಬೆಳೆದಿತ್ತು ಬೇರೆ. ಸೋಮವಾರ ಇಲಾಖೆಯ ವಿಚಾರಣೆ. ಅಲ್ಲಿ ತಪ್ಪಿತಸ್ಥಳೆಂದಾದರೆ ಕೆಲಸ ಹೋಗುತ್ತದೆ, ಮತ್ತೆ ಯಾವ ಶಾಲೆಯೂ ಹತ್ತಿರ ಸೇರಿಸುವುದಿಲ್ಲ.

“ನಾನು ಬರೆದಿಲ್ಲ ಸಾರ್. ಆ ಪೆಟ್ಟಿಗೆ ಅದನ್ನ ಹೇಳುತ್ತಾ?” ಎಂದು ಕೇಳಿದಳು.

ಅವಳ ಜೊತೆ ಹೊರಟೆ. ದಾರಿಯುದ್ದಕ್ಕೂ ತಾಂತ್ರಿಕವಾಗಿ ಏನೇನು ನೋಡಬೇಕೆಂದು ಲೆಕ್ಕ ಹಾಕುತ್ತಿದ್ದೆನೇ ಹೊರತು, ನನ್ನದೇನಾದರೂ ತಪ್ಪಿದ್ದೀತು ಎಂದು ತಲೆಗೇ ಹೋಗಲಿಲ್ಲ. ನಡುಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ರೌಟರಿನ ಒಳಪುಟ ತೆರೆದೆ. ಆ ಪುಟಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇರುತ್ತದೆ, ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಎನ್ನುತ್ತಾರೆ. ಕಾರ್ಖಾನೆಯಿಂದ ಬಂದದ್ದನ್ನು ನಾನು ಬದಲಾಯಿಸಿಯೇ ಇರಲಿಲ್ಲ. ಸಂಪರ್ಕಕ್ಕೆ ಬಂದು ಹೋದ ಫೋನುಗಳ ಪಟ್ಟಿ ತೆರೆಯಿತು. ಹತ್ತೊಂಬತ್ತು ಇದ್ದವು. ಮನೆಯಲ್ಲಿ ಐದು ಫೋನು, ಒಂದು ಲ್ಯಾಪ್‌ಟಾಪು. ಉಳಿದ ಹದಿಮೂರು ಯಾರವು?

ಯಾರಿಗಾದರೂ ಪಾಸ್‌ವರ್ಡ್ ಹೇಳಿದ್ದೀರಾ ಎಂದು ನಿಂಗಮ್ಮನವರನ್ನು ಕೇಳಿದೆ. ಮಗಳು ಅಳಿಯ ಬಂದಾಗ ಹೇಳಿದ್ದುಂಟು, ಬೇರೆ ಯಾರಿಗೂ ಇಲ್ಲ ಎಂದರು. ಆಮೇಲೆ ತಾವಾಗಿಯೇ ಒಂದು ಮಾತು ಸೇರಿಸಿದರು.

“ಬಾಯ್ಬಿಟ್ಟು ಏಳಾದ್ಯಾಕಪ್ಪ? ಪಟ್ಟಲದಮ್ಮನ ಒಕ್ಕಲು ಸುತ್ತ ಏಳೂರ್ನಾಗದೆ. ಎಲ್ಲಾರ್ಗೂ ಗೊತ್ತಿರಾದೇ ಅಲ್ವಾ ಅದು?”

ಒಕ್ಕಲು ಎಂದರೆ ಒಂದೇ ಮನೆದೇವರಿಗೆ ನಡೆದುಕೊಳ್ಳುವ ಕುಟುಂಬಗಳೆಲ್ಲ. ಆ ಮಾತು ಕೇಳಿದ್ದೇ ನನಗೆ ಹೊಳೆಯಿತು. ಬೀಗದ ಮೇಲೆ ಮನೆಯ ಹೆಸರು ಬರೆದು, ಬೀಗದ ಕೈಯನ್ನು ಏಳು ಊರಿಗೆ ಹಂಚಿದವನು ನಾನೇ. ಇದೊಂದೇ ಮನೆಯಲ್ಲ, ತಾಲ್ಲೂಕಿನ ತುಂಬ ಇದೇ ಕೆಲಸ ಮಾಡಿದ್ದೆ.

ಹಿತ್ತಿಲಿಗೆ ಹೋಗಿ ಮಂಡ್ಯದ ಇಂಜಿನಿಯರ್‌ಗೆ ಫೋನು ಮಾಡಿದೆ. ಅವರು ಒಳ್ಳೆಯವರೇ, ನನ್ನ ಮೇಲೆ ಪ್ರೀತಿಯೂ ಇತ್ತು. ನಿವೃತ್ತಿ ಹೊಸ್ತಿಲಲ್ಲಿ ಇದನ್ನೆಲ್ಲ ತಲೆಗೆ ಕಟ್ಟಿಕೊಳ್ಳಬೇಡಿ, ರಿಸೆಟ್ ಮಾಡಿ ಹೊಸ ಪಾಸ್‌ವರ್ಡ್ ಹಾಕಿ ಬಂದುಬಿಡಿ ಎಂದರು. ರೌಟರಿನ ಹಿಂದೆ ಒಂದು ಸಣ್ಣ ತೂತಿರುತ್ತದೆ. ಪಿನ್ನಿನ ತುದಿಯಿಂದ ಅಲ್ಲಿ ಹತ್ತು ಸೆಕೆಂಡು ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ. ಪಟ್ಟಿಯೂ ಹೋಗುತ್ತದೆ, ನನ್ನ ಪಾಸ್‌ವರ್ಡೂ ಹೋಗುತ್ತದೆ. ಪಿನ್ನು ಜೇಬಿನಲ್ಲೇ ಇತ್ತು, ನಮ್ಮ ಕೆಲಸದವರು ಅದನ್ನು ಸದಾ ಇಟ್ಟುಕೊಂಡಿರುತ್ತೇವೆ.

ಸುಳ್ಳು ಹೇಳುವುದಿಲ್ಲ, ಅದನ್ನು ಕೈಗೆ ತೆಗೆದುಕೊಂಡೆ. ಒಳಗೆ ಬಂದಾಗ ಸುಧಾ ಲ್ಯಾಪ್‌ಟಾಪಿನ ಮುಂದೆ ಕುಳಿತು ಆ ಹತ್ತೊಂಬತ್ತು ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು, ಮಕ್ಕಳಿಗೆ ಪಾಠ ತಯಾರು ಮಾಡುವಷ್ಟು ನೀಟಾಗಿ. ನನಗೆ ನಾಚಿಕೆಯಾಯಿತು. ಪಿನ್ನನ್ನು ಜೇಬಿಗೆ ಹಾಕಿ, ರೌಟರನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ, ಎಲ್ಲ ಪುಟಗಳ ಫೋಟೊ ತೆಗೆದುಕೊಂಡು ಅವಳನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ.

ಸಬ್ ಇನ್ಸ್‌ಪೆಕ್ಟರ್ ಪಟ್ಟಿ ನೋಡಿದರು. ಹೊರಗಿನವರು ಒಳಗೆ ಹೇಗೆ ಬಂದರು ಎನ್ನುವುದು ಬರಹದಲ್ಲಿ ಬೇಕು, ಇಲ್ಲದಿದ್ದರೆ ಈಕೆಯೇ ಹಂಚಿದಳು ಅನ್ನುತ್ತಾರೆ ಎಂದರು. ಕಾಗದ ತೆಗೆದುಕೊಂಡು ಬರೆದೆ: ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಹಾಕಿದ್ದು ನಾನು, ರೌಟರನ್ನು ಬೀದಿಯ ಕಿಟಕಿಯಲ್ಲಿ ಇಟ್ಟಿದ್ದು ನಾನು, ಅಡ್ಮಿನ್ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದು ನಾನು, ಚಂದಾದಾರಳಿಗೆ ಇದ್ಯಾವುದೂ ತಿಳಿದಿರಲಿಲ್ಲ. ಸಹಿ ಹಾಕಿ ಅವರ ಮುಂದಿಟ್ಟೆ. ಅವರು ಓದಿ, ನನ್ನ ಮುಖವನ್ನೊಮ್ಮೆ ನೋಡಿದರು.

“ನಮ್ಮ ಕ್ವಾರ್ಟರ್ಸಿಗೂ ನೀವೇ ಅಲ್ವೇನ್ರೀ ಹಾಕಿದ್ದು?” ಎಂದರು.

ಹೌದು ಎಂದೆ. ಅವರ ಮನೆದೇವರ ಹೆಸರೂ ನನಗೆ ನೆನಪಿತ್ತು. ನೆನಪಿದೆ ಎಂದು ಹೇಳುವ ಧೈರ್ಯವಾಗಲಿಲ್ಲ.

ಪಟ್ಟಿಯಲ್ಲಿದ್ದ ಕೆಲವು ಫೋನುಗಳಿಗೆ ಅವುಗಳ ಒಡೆಯರ ಹೆಸರೇ ಇತ್ತು. ಭಾನುವಾರ ಒಬ್ಬೊಬ್ಬರನ್ನೇ ಕರೆಸಿದರು. ನನ್ನನ್ನೂ ಕೂರಿಸಿಕೊಂಡಿದ್ದರು. ಹೆಚ್ಚಿನವರು ಟೀ ಕುಡಿಯುತ್ತ ಕ್ರಿಕೆಟ್ ನೋಡಿದವರು. ಏಳನೆಯವನು ನಿಂಗಮ್ಮನವರ ದೂರದ ದಾಯಾದಿ, ಐವತ್ತು ದಾಟಿದ ಮನುಷ್ಯ, ಶಾಲೆಯ ಸಮಿತಿಯಲ್ಲಿದ್ದವನು. ಬಿಸಿಯೂಟದ ದಿನಸಿ ವಿಷಯದಲ್ಲಿ ಮುಖ್ಯ ಶಿಕ್ಷಕಿ ಸಭೆಯಲ್ಲೇ ಅವನ ಬಾಯಿ ಮುಚ್ಚಿಸಿದ್ದರಂತೆ. ಫೋನು ಮೇಜಿನ ಮೇಲಿಡು ಎಂದಾಗ ಸ್ವಲ್ಪ ಹೊತ್ತು ಏನೇನೋ ಹೇಳಿದ, ಆಮೇಲೆ ಒಪ್ಪಿಕೊಂಡ. ಪಾಸ್‌ವರ್ಡ್ ಯಾರು ಕೊಟ್ಟರು ಎಂದು ಕೇಳಿದರು.

“ಯಾರೂ ಕೊಡ್ಲಿಲ್ಲ ಸಾ. ನಮ್ಮನೇಲೂ ಇವ್ರೇ ಹಾಕಿದ್ದು. ಅದ್ನೇ ಒತ್ತುದೆ, ಬಂತು,” ಎಂದು ನನ್ನ ಕಡೆ ಕೈ ತೋರಿಸಿದ.

ಸೋಮವಾರ ವಿಚಾರಣೆ ನಡೆಯಲಿಲ್ಲ. ಮುಖ್ಯ ಶಿಕ್ಷಕಿ ಸುಧಾಳನ್ನು ತಮ್ಮ ಕೋಣೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರಂತೆ, ಇಬ್ಬರೂ ಅತ್ತರಂತೆ. ನನಗೆ ವಿವರಣೆ ಕೇಳಿ ಮೆಮೊ ಬಂತು. ಮೂವತ್ತಾರು ವರ್ಷದಲ್ಲಿ ಅದೇ ಮೊದಲನೆಯದು. ಉತ್ತರ ಕೊಟ್ಟೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಮನಸ್ಸಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮುಂದಿನ ವಾರ ಸುಧಾ ಹೊಸ ರೌಟರ್ ಆರಿಸಿಕೊಡಿ ಎಂದಳು. ಇಬ್ಬರೂ ಮಂಡ್ಯಕ್ಕೆ ಹೋದೆವು. ಅಂಗಡಿಯವನು ಎಂಟು ಆಂಟೆನಾದ್ದನ್ನು ಎತ್ತಿ ಹಿಡಿದ, ನಾನು ಅದನ್ನು ಪಕ್ಕಕ್ಕಿಡಿಸಿದೆ. ಸಾಧಾರಣ ಗಾತ್ರದ್ದು, ಹತ್ತಿರಕ್ಕೊಂದು ದೂರಕ್ಕೊಂದು ತರಂಗ ಬಿಡುವ ಎರಡು ಬ್ಯಾಂಡಿನದು, ಹೊಸ ಬಗೆಯ ಭದ್ರತೆಯಿದ್ದದ್ದು, ತಯಾರಕರು ಕಾಲಕಾಲಕ್ಕೆ ಅಪ್‌ಡೇಟ್ ಕೊಡುವಂಥದ್ದು ಸಾಕಾಯಿತು. ಅದನ್ನು ಕಿಟಕಿಯಲ್ಲಿಡದೆ ನಡುಮನೆಯ ಅಟ್ಟದ ಮೇಲಿಟ್ಟೆ. ಅಲ್ಲಿಂದ ಎಲ್ಲ ಕೋಣೆಗೂ ತಲುಪಿತು, ಬೀದಿಗೆ ಬರುವಷ್ಟರಲ್ಲಿ ಸಿಗ್ನಲ್ ಸೊರಗಿತು. ಗುಂಡಿ ಒತ್ತಿದರೆ ಪಾಸ್‌ವರ್ಡಿಲ್ಲದೆ ಒಳಬಿಡುವ ಸೌಲಭ್ಯವನ್ನು ಮುಚ್ಚಿದೆ. ನಿಂಗಮ್ಮನವರಿಗೆ ಮಾತ್ರ ಇದು ಹಿಡಿಸಲಿಲ್ಲ.

“ಬಂದೋರು ನೀರು ಕೇಳ್ದಂಗೆ ಕೇಳ್ತಾರೆ ಕಣಪ್ಪ. ಇಲ್ಲ ಅಂತ ಎಂಗನ್ನದು?”

ಅವರ ಮಾತು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ, ನಾನೂ ಅದೇ ಕಾಲದವನು. ಅದಕ್ಕೆ ಗೆಸ್ಟ್ ನೆಟ್‌ವರ್ಕ್ ಎಂಬ ಏರ್ಪಾಡಿದೆ. ಬಂದವರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಬೇಕೆಂದಾಗ ಬಂದ್. ನೆಂಟರು ಬಂದಾಗ ತೆಗೆದು, ಹೋದ ಮೇಲೆ ಮುಚ್ಚುವುದನ್ನು ಅವರಿಗೆ ಕಲಿಸಿದೆ. ಎರಡೇ ದಿನದಲ್ಲಿ ಕಲಿತರು.

ಉಳಿದದ್ದು ಮನೆಯವರ ಪಾಸ್‌ವರ್ಡ್. ಉದ್ದವಾಗಿರಲಿ, ನಿಮ್ಮ ನಾಲ್ವರಿಗೆ ಮಾತ್ರ ಗೊತ್ತಿರುವ ಯಾವುದಾದರೂ ಸಂಗತಿಯ ಮೂರು ನಾಲ್ಕು ಪದ ಸೇರಿಸಿ ಎಂದು ಹೇಳಿ, ಹಳೆಯ ಅಭ್ಯಾಸದಂತೆ ಹೇಳಮ್ಮ, ಟೈಪ್ ಮಾಡುತ್ತೇನೆ ಎಂದು ಕೀಲಿಮಣೆಗೆ ಕೈಯಿಟ್ಟೆ. ಸುಧಾ ಲ್ಯಾಪ್‌ಟಾಪನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು.

“ತಪ್ಪು ತಿಳ್ಕೋಬೇಡಿ ಸಾರ್. ಸ್ವಲ್ಪ ಆ ಕಡೆ ತಿರುಗ್ಕೋತೀರಾ?”

ಒಂದು ಕ್ಷಣ ಚುರುಕ್ ಎಂದಿತು. ಅವಳ ಕೆಲಸ ಉಳಿಸಲು ನನ್ನ ಹೆಸರಿಗೆ ಮಸಿ ಹಚ್ಚಿಕೊಂಡವನು ನಾನು. ಆದರೆ ಅವಳು ಕೇಳಿದ್ದು ಸರಿಯಾಗಿತ್ತು. ಇಷ್ಟು ವರ್ಷ ಎಲ್ಲರ ಮನೆಯೊಳಗೂ ನಮ್ಮವನೇ ಎಂದು ಓಡಾಡಿದವನಿಗೆ ಕೆಲಸ ಕಲಿಸಿದ ಕೊನೆಯ ಪಾಠ ಅದು: ಬಾಗಿಲು ಭದ್ರ ಮಾಡಿಕೊಟ್ಟವನೂ ಬಾಗಿಲ ಹೊರಗೇ ನಿಲ್ಲಬೇಕು. ಎದ್ದು, ಆ ಮಣ್ಣಿನ ಗೋಡೆಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಕೀಲಿಗಳ ಸದ್ದು ನಿಂತ ಮೇಲೂ, ಅವಳು ಆಯ್ತು ಸಾರ್ ಎನ್ನುವವರೆಗೆ ತಿರುಗಲಿಲ್ಲ.

ನಿವೃತ್ತಿಯಾಗುವವರೆಗೆ ಆ ಎಂಟು ತಿಂಗಳು, ನಾನು ಹಿಂದೆ ರೌಟರ್ ಹಾಕಿದ್ದ ಮನೆಗಳಿಗೆಲ್ಲ ಬಿಡುವಿದ್ದಾಗಲೆಲ್ಲ ಮತ್ತೆ ಹೋದೆ. ಪಾಸ್‌ವರ್ಡ್ ಬದಲಿಸುವ ಪುಟ ತೆರೆದುಕೊಟ್ಟು, ಯಾರೂ ಕೇಳುವ ಮೊದಲೇ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದೆ.