ಉಮಾಮಹೇಶ್ವರಿ ಒತ್ತಿದ ಎಂಟು

ಉಮಾಮಹೇಶ್ವರಿಯ ಕೆಲಸವೇ ಬೇರೆಯವರ ತಪ್ಪು ಹಿಡಿಯುವುದು. ಚಟಕ್ಕಲ್ಲ ಮಾರಾಯರೇ, ತಿಂಗಳ ಸಂಬಳಕ್ಕೆ! ಮದರಾಸಿನ ಗಿಂಡಿಯ ಒಂದು ಭೂವಿಜ್ಞಾನ ಕಚೇರಿಯಲ್ಲಿ ಒಬ್ಬಳು ಸರ್ವೆ ಹಾಳೆ ನೋಡಿಕೊಂಡು, ಕಂಪ್ಯೂಟರಿಗೆ ಹೋಗುವ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದಳು. ಉಮಾಮಹೇಶ್ವರಿ ಆ ಕಾರ್ಡನ್ನು ಪಕ್ಕದ ಯಂತ್ರಕ್ಕೆ ಹಾಕಿ, ಅದೇ ಹಾಳೆ ನೋಡಿ, ಅದೇ ಅಂಕಿಗಳನ್ನು ಇನ್ನೊಮ್ಮೆ ಒತ್ತಬೇಕು. ಎರಡೂ ಹೊಂದಿದರೆ ಕಾರ್ಡು ಮುಂದೆ ಸರಿಯುತ್ತದೆ. ಹೊಂದದಿದ್ದರೆ ಕೆಂಪು ದೀಪ. ಮೂರು ಸಲ ಒತ್ತಿ ನೋಡಬಹುದು. ಮೂರನೆಯದೂ ಹೊಂದದಿದ್ದರೆ ಯಂತ್ರ ಕಾರ್ಡಿನ ಅಂಚನ್ನು ಕಚಕ್ಕನೆ ಕತ್ತರಿಸಿ, ತೂತು ಹೊಡೆದವಳ ಹೆಸರಿಗೆ ಒಂದು ತಪ್ಪು ಬರೆಸುತ್ತದೆ.

ಹುಬ್ಬಳ್ಳಿಯಿಂದ ಬಂದು ನುಂಗಂಬಾಕ್ಕದಲ್ಲಿ ಬಟ್ಟೆ ಅಂಗಡಿ ಹಾಕಿದವರ ಮಗಳು ಆಕೆ. ಶಾಲೆಯಲ್ಲಿ ಗಣಿತಕ್ಕೆ ಅವಳೇ ಮೊದಲು. ಕಾಲೇಜು ಸೇರುತ್ತೇನೆ ಎಂದಾಗ ಅಪ್ಪ, "ಲೆಕ್ಕ ಮಾಡಾಕ ನಿನ್ನ ಅಣ್ಣಂದ್ರು ಅದಾರ, ನೀ ಸುಮ್ನಿರು" ಎಂದು ಬಾಯಿ ಮುಚ್ಚಿಸಿದ್ದ. ಟೈಪಿಂಗ್ ಕಲಿತು ಈ ಕೆಲಸ ಹಿಡಿದಳು. ವಿಜ್ಞಾನಿಗಳು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳೂ ಅವಳ ಕೈ ದಾಟಿಯೇ ಹೋಗುತ್ತಿದ್ದವು. ಹನ್ನೊಂದು ವರ್ಷ ಬರೀ ಒತ್ತಿ ಒತ್ತಿ, ಯಾರೂ ಹೇಳಿಕೊಡದೆ, ಅರ್ಧ ಅರ್ಥವಾಗತೊಡಗಿತ್ತು. ಒಂದು ದಿನ ತಾನೂ ಒಂದು ಪ್ರೋಗ್ರಾಂ ಬರೆಯಬೇಕು ಎಂಬ ಆಸೆಯನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅಂಬುಜಾ ಬಂದಳು. ಇಪ್ಪತ್ತೆರಡು ವರ್ಷ, ಬಿ.ಎಸ್ಸಿ., ಕ್ರೋಂಪೇಟೆಯಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಮಲ್ಲಿಗೆ ಮುಡಿದು ಬರುತ್ತಿದ್ದಳು. ಬಂದವಳು ತೂತು ಹೊಡೆಯಲು ಕೂತಳು, ಅಲ್ಲಿಂದ ಕೆಂಪು ದೀಪ ಹತ್ತುವುದೇ ನಿಂತುಹೋಯಿತು! ಸಾವಿರ ಕಾರ್ಡು, ಎರಡು ಸಾವಿರ ಕಾರ್ಡು, ಊಹುಂ. ತಪ್ಪೇ ಮಾಡದವಳ ಹಿಂದೆ ಕೂತು ತಪ್ಪು ಹುಡುಕುವವಳ ಪಾಡು ಯಾರಿಗೆ ಬೇಕು ಹೇಳಿ. ಬೆಳಿಗ್ಗೆ ಲಿಂಗಪೂಜೆಗೆ ಕೂತರೂ ಉಮಾಮಹೇಶ್ವರಿಯ ಕಣ್ಣ ಮುಂದೆ ಆ ಹಾಳು ಕೆಂಪು ದೀಪವೇ. ಒಂದೇ ಒಂದು ಸಲ ಹತ್ತಲಿ ಶಿವನೇ ಎಂದು ಬೇಡಿದ್ದೂ ಉಂಟು.

ಎಪ್ಪತ್ತೆಂಟರ ಆಗಸ್ಟಿನಲ್ಲಿ ಅಂತರ್ಜಲ ಸರ್ವೆಯ ಮುಖ್ಯಸ್ಥ ಸೀತಾರಾಮ್ ಇಬ್ಬರನ್ನೂ ಕರೆದರು. "ಒಬ್ಬರಿಗೆ ಆರು ತಿಂಗಳು ಪ್ರೋಗ್ರಾಮಿಂಗ್ ಕಲಿಸಿ, ಆಮೇಲೆ ಆ ಕೆಲಸವನ್ನೇ ಕೊಡ್ತೀವಿ. ಸರ್ವೀಸ್ ಉಮಾ ಅವರದ್ದು ಜಾಸ್ತಿ. ಆದ್ರೆ ಅಂಬುಜಾದು ಇದುವರೆಗೆ ಒಂದೂ ತಪ್ಪಿಲ್ಲ. ಈ ತಿಂಗಳೂ ಇಲ್ಲ ಅಂದ್ರೆ ಅವಳನ್ನೇ ಕಳಿಸ್ಬೇಕಾಗುತ್ತೆ." ಉಮಾಮಹೇಶ್ವರಿ ತಲೆಯಾಡಿಸಿದಳು. ಮೈಯೆಲ್ಲ ಉರಿಯುತ್ತಿತ್ತು.

ತಿಂಗಳ ಕೊನೆಯ ಕಟ್ಟು ಕ್ರೋಂಪೇಟೆಯ ಬಾವಿಗಳದ್ದು: ನೀರು ಎಷ್ಟು ಮೀಟರ್ ಕೆಳಗಿದೆ ಎಂಬ ಲೆಕ್ಕ. ಒಂದು ಹಾಳೆಯ ಮೇಲೆ ನೀರು ಸಿಡಿದು ಶಾಯಿ ಹರಡಿತ್ತು. ಉಮಾಮಹೇಶ್ವರಿ ಎಂಟೆಂದು ಓದಿ ಎಂಟು ಒತ್ತಿದಳು.

ಕೆಂಪು ದೀಪ ಹತ್ತಿತು.

ಹಾಳೆಯನ್ನು ಕಣ್ಣ ಹತ್ತಿರ ಹಿಡಿದಳು. ಮೂರು. ಹರಡಿದ ಶಾಯಿಯ ಒಳಗೆ ಸ್ಪಷ್ಟ ಮೂರು. ಸುತ್ತಲಿನ ಬಾವಿಗಳಲ್ಲೂ ಮೂರು, ನಾಲ್ಕು. ಅಂಬುಜಾ ಸರಿಯಾಗಿಯೇ ಒತ್ತಿದ್ದಳು. ಉಮಾಮಹೇಶ್ವರಿ ಮತ್ತೆ ಎಂಟು ಒತ್ತಿದಳು. ಮೂರನೆಯ ಸಲವೂ ಎಂಟು. ಯಂತ್ರ ಕಾರ್ಡನ್ನು ಕಚ್ಚಿತು.

ಕತ್ತರಿಸಿದ ಕಾರ್ಡನ್ನು ಕೈಗೆ ಕೊಟ್ಟಾಗ ಅಂಬುಜಾ ಕೇಳಿದಳು, "ಅಕ್ಕಾ, ಇದು ಮೂರಲ್ವಾ?"

"ಎಂಟ ಐತವ್ವಾ. ಬೇಕಾದ್ರ ನೀನ ನೋಡು."

ಅಂಬುಜಾ ಹಾಳೆ ನೋಡಿದಳು. ಉಮಾಮಹೇಶ್ವರಿಯ ಮುಖ ನೋಡಿದಳು. "ಸರಿ ಅಕ್ಕಾ, ಎಂಟೇ ಇರ್ಲಿ ಬಿಡಿ" ಎಂದು ಹೊಸ ಕಾರ್ಡಿಗೆ ಎಂಟು ಹೊಡೆದುಕೊಟ್ಟಳು.

ಉಮಾಮಹೇಶ್ವರಿ ಪ್ರೋಗ್ರಾಮಿಂಗ್ ಕಲಿಯಲು ಹೋದಳು. ಆ ಆರು ತಿಂಗಳು ಅವಳಷ್ಟು ಸುಖವಾಗಿ ಮದರಾಸಿನಲ್ಲಿ ಇನ್ನೊಬ್ಬರಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಕೊನೆಗೆ ಬಾವಿಗಳ ಅಂಕಿಗಳಿಂದಲೇ ನಕ್ಷೆ ಮುದ್ರಿಸುವ ಪ್ರೋಗ್ರಾಂ ಬರೆದಳು. ನೀರಿನ ಆಳ ಎಷ್ಟೋ ಆ ಅಂಕಿಯೇ, ಬಾವಿಯಿಲ್ಲದ ಕಡೆ ಹತ್ತಿರದ ಬಾವಿಯ ಅಂಕಿ, ಕಾಗದದ ಮೇಲೆ ಸಾಲುಸಾಲಾಗಿ ಬೀಳಬೇಕು. ಬಿತ್ತು. ಮೂರು, ನಾಲ್ಕುಗಳ ಬಯಲಿನ ನಡುವೆ ಎಂಟುಗಳದೊಂದು ದೊಡ್ಡ ಗುಂಡಿ.

ಸೀತಾರಾಮ್ ಮರುದಿನವೇ ಆ ಗುಂಡಿಯ ನಡುವಿನ ಬಾವಿಯನ್ನು ಅಳೆಸಿದರು. ನೀರು ಮೂರು ಮೀಟರಿಗೇ ಸಿಕ್ಕಿತು. "ಪ್ರೋಗ್ರಾಂ ಚೆನ್ನಾಗೇ ಇದೆ ಉಮಾ. ಕಾರ್ಡು ಹೊಡೆದವಳು ಕೆಡಿಸಿದ್ದಾಳೆ. ಆ ಅಂಬುಜಾನ ಕರೀರಿ, ಇವತ್ತು ಬಿಡೋದಿಲ್ಲ."

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ನಾಲಗೆ ಕೇಳಲಿಲ್ಲ. "ಆಕಿ ಮೂರ ಹೊಡದಿದ್ಲು ಸಾರ್. ನಾ ಬೇಕಂತ ಎಂಟು ಮಾಡಿದ್ದು."

ಸೀತಾರಾಮ್ ನಕ್ಷೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. "ಅವಳಿಗೆ ಹೇಳಿ. ಪ್ರೋಗ್ರಾಮಿಂಗ್ ಕೆಲಸ ಯಾರಿಗೆ ಅಂತ ಅವಳೇ ಹೇಳ್ಲಿ" ಎಂದರು.

ಅಂಬುಜಾ ಕೇಳಿ ಬೆಚ್ಚಿಬೀಳಲೂ ಇಲ್ಲ. "ನಂಗೆ ಅವತ್ತೇ ಗೊತ್ತಿತ್ತು ಅಕ್ಕಾ. ಹಾಳೇಲಿ ಮೂರೇ ಇತ್ತು, ಸುತ್ತಲಿನ ಬಾವಿಗಳಲ್ಲೂ ಮೂರು, ನಾಲ್ಕು. ಪಾಪ, ಹನ್ನೊಂದು ವರ್ಷ ಕಾದಿದ್ದಾರೆ, ಹೋಗ್ಬರ್ಲಿ ಅಂತ ಬಿಟ್ಟೆ. ನೀವೇ ಇಟ್ಕೊಳ್ಳಿ."

ಕಿತ್ತುಕೊಂಡೆ ಎಂದು ಆರು ತಿಂಗಳು ಒಳಗೊಳಗೇ ಬೀಗಿದ್ದಳಲ್ಲ, ಅದು ಇವಳು ಕನಿಕರಪಟ್ಟು ಕೊಟ್ಟದ್ದೇ? ಅಪ್ಪಿಕೊಂಡು ಅಳಬೇಕಾದ ಹೊತ್ತಿನಲ್ಲಿ ಉಮಾಮಹೇಶ್ವರಿಯ ಹೊಟ್ಟೆ ಹಿಂದೆಂದೂ ಇಲ್ಲದಷ್ಟು ಉರಿಯಿತು. ಕೈಯಲ್ಲೂ ಅವಳೇ ಮುಂದೆ, ಗುಣದಲ್ಲೂ ಅವಳೇ!

"ನಿನ್ನ ಭಿಕ್ಷಾ ನನಗ ಬ್ಯಾಡ. ನಾಳಿಂದ ನೀನ ಹೋಗು" ಎಂದು ತನ್ನ ಹಳೆಯ ಕುರ್ಚಿಯಲ್ಲಿ ಕೂತುಬಿಟ್ಟಳು.

ಅಂಬುಜಾ ಹೋದಳು, ಕಲಿತಳು, ಹೆಸರೂ ಮಾಡಿದಳು. ಉಮಾಮಹೇಶ್ವರಿ ಎಂಬತ್ತೈದರಲ್ಲಿ ಆ ಯಂತ್ರಗಳನ್ನು ತೆಗೆಯುವವರೆಗೂ ಬೇರೆಯವರ ತಪ್ಪು ಹಿಡಿದಳು. ತಾನು ಮಾಡಿದ ಮೋಸವನ್ನು ಎಷ್ಟೋ ಜನರ ಮುಂದೆ ನಗುತ್ತಲೇ ಹೇಳಿಕೊಂಡಳು. ಗೊತ್ತಿದ್ದೂ ಬಿಟ್ಟುಕೊಟ್ಟ ಅಂಬುಜಾಳನ್ನು ಮಾತ್ರ ಕೊನೆಯವರೆಗೂ ಕ್ಷಮಿಸಲಿಲ್ಲ.